ಎರಡನೇ ಆಲ್ಬಮ್‌ದಾಗ ಏಕತಾರಿ ಮುಳುಗ್ಯಾದ, ಏನ್ ಮಾಡ್ಬೇಕ್ರಿ?

ಮೊದಲನೇದು ಬರೇ ಏಕತಾರಿ, ದಮ್ಮಡಿ, ತಾಳದ ಮ್ಯಾಲೆ ಮಂದಿ ಮನಸ್ಸು ಹಿಡೀತು. ಈಗ ಸ್ವಂತ ತತ್ವಪದ ಎಂಟು ಅವ. ಕಲಬುರಗಿ ಸ್ಟುಡಿಯೋದಾಗ ಕೀಬೋರ್ಡ್ ಸೇರಿಸಿದ ಮ್ಯಾಲೆ ಏಕತಾರಿ ಕೇಳವಲ್ದು.

ಉತ್ತರ 1: ಕೀಬೋರ್ಡಿನ ಉದ್ದನೆ ಸ್ವರ ಏಕತಾರಿ ಶ್ರುತಿ ಮ್ಯಾಲೇ ಕೂಡ್ತದ, ಅದಕ್ಕ ಮೀಟು ಮುಚ್ಚಿ ಹೋಗ್ತದ್ರಿ. ಕೀಬೋರ್ಡ್ ತಗದೇ ಬಿಡ್ರಿ. ಬೇಕೇ ಬೇಕಂದ್ರ ಕೀಬೋರ್ಡನ್ನ 200ರಿಂದ 500 ಹರ್ಟ್ಜ್ ನಡುವ 3-4 ಡೆಸಿಬಲ್ ಇಳಸ್ರಿ. ಮೈಕ್ ಏಕತಾರಿ ಬುರುಡಿಗೆ ನೇರ ಇಟ್ರ ಗುಂಯ್ ಅಂತದ. ಗೇಣು ದೂರ, ಬೆರಳಿನ ಕಡಿ ಓರೆ ಇಡ್ರಿ.

ಉತ್ತರ 2: ರೆಕಾರ್ಡ್ ಮಾಡುವಾಗ ಕ್ಲಿಕ್ (ಲಯಕ್ಕ ಕಿವ್ಯಾಗ ಕೇಳ್ಸೋ ಟಿಕ್-ಟಿಕ್ ಸಪ್ಪಳ) ಹಚ್ಚಬ್ಯಾಡ್ರಿ ಅಣ್ಣಾ! ಹಿಮ್ಮೇಳ ಪಲ್ಲವಿ ಎತ್ತಿಕೊಂಡಾಗ ಲಯ ತಾನಾಗೇ ಏರ್ತದ, ಅದೇ ಪದದ ಜೀವ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಾನೂ ಭಜನಿಯಾಗ ಹಂಗೇ ಹಾಡ್ತಾರ. ಎಲ್ಲಾರನ್ನೂ ಸಂಗಟ ಕೂಡ್ಸಿ ರೆಕಾರ್ಡ್ ಮಾಡ್ರಿ.

ಉತ್ತರ 3: ಮಳಿಗಾಲದಾಗ ದಮ್ಮಡಿ ಚರ್ಮ ಸಡಿಲಾಗ್ತದ. ರೆಕಾರ್ಡ್ ಮಾಡೋ ಮುಂಚೆ ಕಾಸ್ರಿ.