ಗೋಗಿ ಯುರೇನಿಯಂ: ಟೈಲಿಂಗ್ಸ್ ಕೊಳದ ಬಗ್ಗೆ ಊರವರ ಮಾತು ನಡೀತದೇನ್ರಿ?

ಪ್ರಶ್ನೆ: ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಗಣಿ ಶುರುವಾದರೆ ಟೈಲಿಂಗ್ಸ್ ಕೊಳ, ಅಂದ್ರೆ ಅದಿರಿನಿಂದ ಯುರೇನಿಯಂ ತೆಗೆದ ಮೇಲೆ ಉಳಿಯೋ ತ್ಯಾಜ್ಯದ ಕೊಳ, ಎಲ್ಲಿ ಅಂತ ಊರವರು ಹೇಳೋದು ಹೆಂಗ್ರಿ?

ಉತ್ತರ 1: ಯುರೇನಿಯಂನಂಥ ಅಣು ಖನಿಜದ ಗಣಿಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ಕೇಂದ್ರ 2025ರ ಸೆಪ್ಟೆಂಬರ್‌ನಲ್ಲಿ ವಿನಾಯಿತಿ ಕೊಟ್ಟಿದೆ. ಹಿಂಗೆ ವಿನಾಯಿತಿ ಕೊಟ್ಟಿದ್ದು ತಪ್ಪು. ಗ್ರಾಮಸಭೆಯಲ್ಲೇ ಠರಾವು ಮಾಡ್ರಿ, ನಡಾವಳಿ ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ರಿ.

ಉತ್ತರ 2: ಅದಕ್ಕೂ ಮೊದಲು ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸ್ರಿ. ಅಲ್ಲಿನ ಕಲ್ಲಲ್ಲೇ ಯುರೇನಿಯಂ ಅದ. ಈಗಿನ ಅಂಕಿ ಇಲ್ಲದಿದ್ದರೆ ನಾಳೆ ಗಣಿಯವರು ‘ಮೊದಲಿಂದಲೂ ಹಿಂಗೇ ಇತ್ತು’ ಅಂತಾರ. ಪೈಪಿನಲ್ಲಿ ನಿಂತ ನೀರು ಹೋಗೋ ತನಕ ಪಂಪ್ ಓಡಿಸಿ ಪ್ಲಾಸ್ಟಿಕ್ ಬಾಟಲಿಗೆ ತುಂಬ್ರಿ. ಲ್ಯಾಬಿನವರು ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು. ಇಲ್ಲದಿದ್ದರೆ ಯುರೇನಿಯಂ ಬಾಟಲಿಗೆ ಅಂಟಿ, ಅಂಕಿ ಕಡಿಮೆ ಬರ್ತದ. ಕುಡಿಯೋ ನೀರಿನಲ್ಲಿ ಯುರೇನಿಯಂಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಿತಿ ಲೀಟರಿಗೆ 30 ಮೈಕ್ರೊಗ್ರಾಂ.

ಉತ್ತರ 3: ನೀರು ಇಂಗದಂಗ ಕೊಳದ ತಳಕ್ಕೆ ಹಾಕೋ ಹಾಸು, ಗಣಿ ಮುಚ್ಚಿದ ಮೇಲಿನ ನಿಗಾ ಖರ್ಚನ್ನೂ ಠರಾವಿನಲ್ಲಿ ಬರೆಸ್ರಿ. ತ್ಯಾಜ್ಯದಲ್ಲಿ ಉಳಿಯೋ ವಿಕಿರಣ ಸೂಸುವ ರೇಡಿಯಂ-226ರ ಅರ್ಧಾಯುಷ್ಯ 1,600 ವರ್ಷ, ಅಂದ್ರೆ ಅದು ಅರ್ಧ ಆಗೋಕೇ ಅಷ್ಟು ವರ್ಷ ಬೇಕು.