ಗದ್ದೆಗೆ ನೀರು ಬಿಟ್ಟ ಮೇಲೆ ಬೆಳಗಿನ ಜಾವ ಕಡಿದುಹೋಗುವ 9 ಕಿ.ಮೀ. ವೈರ್‌ಲೆಸ್ ಲಿಂಕ್

ಪ್ರಶ್ನೆ (ಸಿಂಧನೂರು)

ನಮಸ್ಕಾರ. ಸಿಂಧನೂರಿನ ನಮ್ಮ ಕಚೇರಿಯಿಂದ ಊರಾಚೆಯ ರೈಸ್ ಮಿಲ್ಲಿಗೆ 5.8 ಗಿಗಾಹರ್ಟ್ಸ್‌ನ ಲಿಂಕ್ ಹಾಕಿಸಿದ್ದೇವೆ. ದೂರ 9 ಕಿ.ಮೀ., ನಡುವೆ ಬರೀ ಭತ್ತದ ಗದ್ದೆ. ಗದ್ದೆಯ ಮಟ್ಟದಿಂದ ಅಳೆದರೆ ಕಚೇರಿಯ ಡಿಶ್ 18 ಮೀಟರ್, ಮಿಲ್ಲಿನ ಡಿಶ್ 12 ಮೀಟರ್ ಎತ್ತರದಲ್ಲಿದೆ; ಎರಡರ ಗೇನ್ (ಅಲೆಯನ್ನು ಒಂದೇ ಕಡೆಗೆ ಒಟ್ಟುಗೂಡಿಸುವ ಬಲ) 25 ಡಿಬಿಐ. ಬೇಸಿಗೆಯುದ್ದಕ್ಕೂ ಸಿಗ್ನಲ್ ಮೈನಸ್ 65 ಡಿಬಿಎಂ (ಸಿಗ್ನಲ್ ಬಲದ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ) ಆಸುಪಾಸಿನಲ್ಲಿ ಅಲುಗಾಡದೆ ನಿಂತಿತ್ತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು ನಾಟಿ ಮುಗಿದ ಮೇಲೆ, ಬೆಳಗಿನ ಜಾವ ಅದು ಮೈನಸ್ 80ಕ್ಕಿಂತ ಕೆಳಗಿಳಿದು ಲಿಂಕ್ ಕಡಿದುಹೋಗುತ್ತದೆ. ಬಿಸಿಲೇರಿದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ಕನೆಕ್ಟರ್ ಬದಲಿಸಿ, ಡಿಶ್‌ಗಳನ್ನು ಮತ್ತೆ ಎದುರುಬದುರು ಹೊಂದಿಸಿದರೂ ಫಲವಿಲ್ಲ. ಮಿಲ್ಲಿನ ಕಂಬಕ್ಕೆ ಇನ್ನೆರಡು ಮೀಟರ್ ಪೈಪು ಸೇರಿಸಿದರೆ ಸಾಕೆಂದು ಲಿಂಕ್ ಹಾಕಿದವರು ಹೇಳುತ್ತಿದ್ದಾರೆ. ಕೊಯ್ಲು ಶುರುವಾದರೆ ನಸುಕಿನಲ್ಲೇ ಲಾರಿಗಳು ವೇಬ್ರಿಡ್ಜ್ ಮುಂದೆ ಸಾಲುಗಟ್ಟುತ್ತವೆ, ಅಷ್ಟರೊಳಗೆ ಇದು ಸರಿಯಾಗಲೇಬೇಕು. ಬಲ್ಲವರು ತಿಳಿಸಿ.

ಉತ್ತರ (ಗಂಗಾವತಿ)

ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ. ಲಿಂಕ್ ಕಡಿಯುವ ಹೊತ್ತಿನಲ್ಲಿ ರೇಡಿಯೋದ ಪುಟದಲ್ಲಿ ಸಿಗ್ನಲ್ ಮತ್ತು ನಾಯ್ಸ್ (ಹಿನ್ನೆಲೆಯ ರೇಡಿಯೋ ಗದ್ದಲ) ಎರಡನ್ನೂ ಬರೆದಿಟ್ಟುಕೊಳ್ಳಿ. ಸಿಗ್ನಲ್ ಇದ್ದಷ್ಟೇ ಇದ್ದು ನಾಯ್ಸ್ ಏರುತ್ತಿದ್ದರೆ ಬೇರೆಯವರ ರೇಡಿಯೋ ಅಡ್ಡ ಬರುತ್ತಿದೆ ಎಂದರ್ಥ, ಚಾನೆಲ್ ಬದಲಿಸಿದರೆ ಮುಗಿಯಿತು. ನಾಯ್ಸ್ ಇದ್ದಲ್ಲೇ ಇದ್ದು ಸಿಗ್ನಲ್ ಮಾತ್ರ ಕುಸಿಯುತ್ತಿದ್ದರೆ ತೊಂದರೆ ದಾರಿಯಲ್ಲಿದೆ. ನಮ್ಮ ಕಡೆಯೂ ನಾಟಿಯ ಕಾಲದಲ್ಲಿ ಇಂಥದ್ದನ್ನು ಕಂಡಿದ್ದೇನೆ.

ಉತ್ತರ (ರಾಯಚೂರು)

ನಿಮ್ಮ ಡಿಶ್‌ಗಳು ಸರಿಯಾಗಿಯೇ ಹೊಂದಿಕೊಂಡಿವೆ. 5.8 ಗಿಗಾಹರ್ಟ್ಸ್‌ನಲ್ಲಿ 9 ಕಿ.ಮೀ. ಬಯಲಿನಲ್ಲಿ ಆಗುವ ನಷ್ಟ ಸುಮಾರು 127 ಡಿಬಿ. ಈ ಬ್ಯಾಂಡ್‌ನಲ್ಲಿ ನಿಯಮ ಒಪ್ಪುವ 36 ಡಿಬಿಎಂ ಇಐಆರ್‌ಪಿಯಲ್ಲಿ (ಕಳಿಸುವ ಡಿಶ್‌ನ ಗೇನ್ ಸೇರಿದ ಒಟ್ಟು ಪವರ್) ಕಳಿಸಿದರೆ, ಆಚೆಯ ಡಿಶ್‌ನ 25 ಸೇರಿ ಮೈನಸ್ 66 ಬರಬೇಕು. ಬೇಸಿಗೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಬಂದಿದೆ.

ಈಗ ಆಗುತ್ತಿರುವುದು ನೀರಿನ ಪ್ರತಿಫಲನ. ಒಣಗಿದ, ಹೆಂಟೆಗಟ್ಟಿದ ಎರೆನೆಲ ಅಲೆಗಳನ್ನು ಚದುರಿಸಿಬಿಡುತ್ತದೆ. ನೀರು ನಿಂತ ಗದ್ದೆ ಕನ್ನಡಿಯಂತೆ ಇಡಿಯಾಗಿ ಹಿಂದಿರುಗಿಸುತ್ತದೆ. ಹಾಗಾಗಿ ಮಿಲ್ಲಿನ ಡಿಶ್‌ಗೆ ನೇರವಾಗಿ ಬಂದ ಅಲೆ ಒಂದು, ನೀರಿಗೆ ತಾಗಿ ತಲೆಕೆಳಗಾಗಿ ಬಂದ ಅಲೆ ಇನ್ನೊಂದು, ಹೀಗೆ ಎರಡು ತಲುಪುತ್ತವೆ. ಎರಡರ ದಾರಿಯ ಅಂತರ ಅಲೆಯುದ್ದದ ಅರ್ಧದಷ್ಟಿದ್ದರೆ ಅವು ಕೂಡಿಕೊಳ್ಳುತ್ತವೆ, ಪೂರ್ತಿ ಅಲೆಯುದ್ದದಷ್ಟಿದ್ದರೆ ಒಂದನ್ನೊಂದು ಅಳಿಸಿಹಾಕುತ್ತವೆ. ನಿಮ್ಮ ಅಲೆಯುದ್ದ ಸುಮಾರು 52 ಮಿ.ಮೀ. ನೀವು ಕೊಟ್ಟ ಎತ್ತರಗಳಿಗೆ, ಭೂಮಿಯ ಉಬ್ಬನ್ನೂ ಸೇರಿಸಿ ಲೆಕ್ಕ ಹಾಕಿದರೆ, ಹಗಲಿನಲ್ಲಿ ಆ ಅಂತರ ಸುಮಾರು 40 ಮಿ.ಮೀ. ಬರುತ್ತದೆ, ಲಿಂಕ್ ನಡೆಯುತ್ತದೆ. ರಾತ್ರಿ ಕಳೆಯುತ್ತಾ ನೆಲದ ಬಳಿಯ ಗಾಳಿ ತಂಪಾಗಿ, ಅದರ ಮೇಲಿನ ಗಾಳಿ ಬೆಚ್ಚಗೇ ಉಳಿದಾಗ ಅಲೆಗಳು ನೆಲದತ್ತ ಹೆಚ್ಚು ಬಾಗುತ್ತವೆ, ಭೂಮಿಯ ಉಬ್ಬು ಇಲ್ಲವೇ ಇಲ್ಲವೆಂಬಂತಾಗಿ ಅಂತರ 48 ಮಿ.ಮೀ.ಗೆ, ಕೆಲವೊಮ್ಮೆ ಅದಕ್ಕೂ ಮೇಲೆ ಏರುತ್ತದೆ. ಆಗ ನೀವು 52ರ ಗುಂಡಿಯ, ಅಂದರೆ ಅಲೆಗಳು ಒಂದನ್ನೊಂದು ಅಳಿಸಿಹಾಕುವ ಜಾಗದ, ಅಂಚಿನಲ್ಲಿರುತ್ತೀರಿ. ಬೇಸಿಗೆಯ ರಾತ್ರಿಗಳಲ್ಲೂ ಗಾಳಿ ಹೀಗೇ ಪದರಗಟ್ಟುತ್ತಿತ್ತು, ಆದರೆ ಕೆಳಗೆ ನೀರಿರಲಿಲ್ಲ.

ಆದ್ದರಿಂದ ಎರಡು ಮೀಟರ್ ಪೈಪನ್ನು ದಯವಿಟ್ಟು ಸೇರಿಸಬೇಡಿ. 14 ಮೀಟರ್‌ನಲ್ಲಿ ಹಗಲಿನ ಅಂತರವೇ 48 ಆಗುತ್ತದೆ. ಈಗ ನಸುಕಿನಲ್ಲಿ ಕಡಿಯುವ ಲಿಂಕ್ ಮಧ್ಯಾಹ್ನವೂ ಕಡಿಯತೊಡಗುತ್ತದೆ. ಮಿಲ್ಲಿನ ಡಿಶ್ಶನ್ನು 8 ಅಥವಾ 9 ಮೀಟರ್‌ಗೆ ಇಳಿಸಿ. ಅಲ್ಲಿ ಹಗಲಿಗೆ 26ರಿಂದ 30, ನಸುಕಿಗೆ 32ರಿಂದ 36 ಮಿ.ಮೀ. ಬರುವುದರಿಂದ ಎರಡೂ ಹೊತ್ತು ಅಲೆಗಳು ಕೂಡಿಕೊಳ್ಳುವ ಕಡೆಯೇ ಇರುತ್ತವೆ. ಡಿಶ್ಶನ್ನು ತುಸು ಮೇಲಕ್ಕೆ ಓರೆ ಮಾಡಲು, ಇಲ್ಲವೇ ಪೋಲರೈಸೇಷನ್ (ಅಲೆ ಅಡ್ಡಲಾಗಿ ಕಂಪಿಸಬೇಕೋ ಲಂಬವಾಗಿಯೋ ಎಂಬುದು) ಬದಲಿಸಲು ಕೆಲವರು ಹೇಳಬಹುದು. ನಿಮ್ಮ ಅಲೆ ನೀರನ್ನು ಸವರುವ ಕೋನ 0.2 ಡಿಗ್ರಿಯಷ್ಟು ಮಾತ್ರ. ಅಷ್ಟು ಕಿರಿದಾದ ಕೋನದಲ್ಲಿ ಎರಡೂ ಪೋಲರೈಸೇಷನ್‌ಗಳು ಪ್ರತಿಫಲಿಸುತ್ತವೆ, ಮತ್ತು ಯಾವ ಡಿಶ್ಶೂ ಆ ಎರಡು ಅಲೆಗಳನ್ನು ಬೇರ್ಪಡಿಸಲಾರದು.

ಕಂಬ ಮುಟ್ಟುವ ಮುನ್ನ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಲಿಂಕ್ ಕುಸಿದಿರುವಾಗಲೇ ಎರಡೂ ರೇಡಿಯೋಗಳನ್ನು 5.2 ಗಿಗಾಹರ್ಟ್ಸ್ ಕಡೆಗೆ ಬದಲಿಸಿ ನೋಡಿ. ಪವರ್ ಅಷ್ಟೇ ಇದ್ದು ಸಿಗ್ನಲ್ ಥಟ್ಟನೆ ಹಲವು ಡಿಬಿ ಏರಿದರೆ ಕಾರಣ ಪ್ರತಿಫಲನವೇ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ನಾಯ್ಸ್ ಕದಲಿಲ್ಲ, ಸಿಗ್ನಲ್ ಮಾತ್ರ ಇಳಿದಿತ್ತು, 5.2ಕ್ಕೆ ಬದಲಿಸಿದ ಕೂಡಲೇ ಮೈನಸ್ 73ಕ್ಕೆ ಬಂತು. ಡಿಶ್ ಇಳಿಸಲು ಸಿದ್ಧನಿದ್ದೇನೆ, ಆದರೆ ಮಿಲ್ಲಿನಿಂದ 1 ಕಿ.ಮೀ. ದೂರದಲ್ಲಿ ಉಪಕಾಲುವೆಯ ದಂಡೆಯ ಮೇಲೆ ಜಾಲಿ ಬೆಳೆದಿದೆ. ಅದು ಅಡ್ಡ ಬರುವುದಿಲ್ಲವೇ?

ಉತ್ತರ (ರಾಯಚೂರು)

ಕಣ್ಣಿಗೆ ಎದುರಿನ ಡಿಶ್ ಕಂಡರೆ ಸಾಲದು, ಅಲೆ ಹರಡಿಕೊಂಡು ಸಾಗುವ ಸುತ್ತಲಿನ ಜಾಗದ, ಅಂದರೆ ಫ್ರೆನೆಲ್ ವಲಯದ, ತ್ರಿಜ್ಯದ ಶೇಕಡ 60ರಷ್ಟು ತೆರವಿರಬೇಕು. ಆ ಜಾಗದಲ್ಲಿ ಅದು ಸುಮಾರು 4 ಮೀಟರ್. ಡಿಶ್ 9 ಮೀಟರ್‌ನಲ್ಲಿದ್ದರೆ ಅಲ್ಲಿ ಅಲೆಯ ನಡುಗೆರೆ ನೆಲದಿಂದ 9.5 ಮೀಟರ್ ಎತ್ತರದಲ್ಲಿ ಹಾಯುತ್ತದೆ. ಹಾಗಾಗಿ ದಂಡೆಯ ಎತ್ತರವೂ ಸೇರಿ ಜಾಲಿಯ ತುದಿ 5 ಮೀಟರ್ ಮೀರದಿದ್ದರೆ ಇಳಿಸಿ. ಮೀರಿದ್ದರೆ ಕಂಬವನ್ನು ಒಮ್ಮೆಲೇ 18 ಮೀಟರ್‌ಗೆ ಏರಿಸಬೇಕು, ಅಲ್ಲಿ ಅಂತರ 52ರ ಗುಂಡಿಯನ್ನು ದಾಟಿರುತ್ತದೆ. 13–14ರಲ್ಲಿ ಮಾತ್ರ ನಿಲ್ಲಿಸಬಾರದು. ಅಷ್ಟೆತ್ತರದ ಕಂಬಕ್ಕೆ ಬಿಗಿತಂತಿಯೂ ಸಿಡಿಲಿಗೆ ಅರ್ಥಿಂಗೂ ಬೇಕಾಗುವುದರಿಂದ, ಮೊದಲು ಜಾಲಿಯ ಎತ್ತರವನ್ನು ಅಳೆಸಿ.