ಪೆಥಾಲಜಿ ಎಂ.ಡಿ. ಮುಗಿಯಿತು, ಟೀಚಿಂಗ್ ಲೈನ್‌ಗೆ ಹೋಗಲಾ? ನಮ್ಮ ಕಡೆಯವರು ಅನುಭವ ಹೇಳಿ

ಕೇಳಿದವರು: ಸಿಂಧನೂರಿನ ಹುಡುಗಿ

ಎಲ್ಲರಿಗೂ ನಮಸ್ಕಾರ. ಬೇರೆ ರಾಜ್ಯದಲ್ಲಿ ಪೆಥಾಲಜಿ ಎಂ.ಡಿ. ಮುಗಿಸಿ ಊರಿಗೆ ಬಂದು ಎರಡು ತಿಂಗಳಾಯಿತು. ಪಾಠ ಹೇಳುವುದು ನನಗೆ ಮೊದಲಿಂದಲೂ ಇಷ್ಟ. ಈಗ ಮೂರು ದಾರಿ ಕಾಣುತ್ತಿವೆ. ನಮ್ಮ ಕಡೆಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀನಿಯರ್ ರೆಸಿಡೆಂಟ್ ಹುದ್ದೆಗೆ ನೇರ ಸಂದರ್ಶನ ಇದೆ. ದೂರದ ಊರಿನ ಖಾಸಗಿ ಕಾಲೇಜೊಂದು ಜಾಸ್ತಿ ಸಂಬಳ ಕೊಡುತ್ತೇವೆ ಅನ್ನುತ್ತಿದೆ. ತಾಲ್ಲೂಕು ಆಸ್ಪತ್ರೆಯಲ್ಲೂ ಗುತ್ತಿಗೆ ಮೇಲೆ ಕೆಲಸ ಸಿಗುವ ಹಾಗಿದೆ. ಅಪ್ಪ ಸಂಬಳ ನೋಡು ಅಂತಾರೆ, ಅಮ್ಮ ಮನೆ ಹತ್ತಿರ ಇರು ಅಂತಾರೆ. ಮುಂದೆ ಪ್ರೊಫೆಸರ್ ಆಗಬೇಕು ಅಂದರೆ ಈಗ ಯಾವುದನ್ನು ಹಿಡಿಯಲಿ?

ರಾಯಚೂರಿನಿಂದ, ಮೈಕ್ರೋಬಯಾಲಜಿ ಸಹ ಪ್ರಾಧ್ಯಾಪಕಿ

ತಂಗೀ ಅಂತಲೇ ಕರೆಯುತ್ತೇನೆ. ಸಂಬಳ ನೋಡುವ ಮುಂಚೆ ದಿನದ ಲೆಕ್ಕ ನೋಡು. ಈ ಕೆಲಸದಲ್ಲಿ ಮೇಲೆ ಹೋಗುವುದು ದಿನದ ಮೇಲೆ, ಮತ್ತೆ ಆ ದಿನಗಳನ್ನು ತೋರಿಸುವ ಕಾಗದದ ಮೇಲೆ.

ಎಂ.ಡಿ. ಆದಮೇಲೆ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿರಬೇಕು. ಆಮೇಲೆ ಸಹಾಯಕ ಪ್ರಾಧ್ಯಾಪಕಿ. ಅದರಲ್ಲಿ ನಾಲ್ಕು ವರ್ಷ ಆಗಿ, ಎರಡು ಸಂಶೋಧನಾ ಲೇಖನ ಅಚ್ಚಾಗಿದ್ದರೆ ಸಹ ಪ್ರಾಧ್ಯಾಪಕಿ. ಅಲ್ಲಿಂದ ಮೂರು ವರ್ಷಕ್ಕೆ, ಮತ್ತೆ ಲೇಖನಗಳ ಜೊತೆ, ಪ್ರೊಫೆಸರ್. ಅಂದರೆ ಎಲ್ಲ ಸರಿಯಾಗಿ ನಡೆದರೂ ಎಂಟು ವರ್ಷ. ಲೇಖನದಲ್ಲಿ ನಿನ್ನ ಹೆಸರು ಮೊದಲ ಮೂರರಲ್ಲಿ ಇರಬೇಕು, ಇಲ್ಲಾ ಪತ್ರವ್ಯವಹಾರದ ಲೇಖಕಿ (ಲೇಖನದ ಪರವಾಗಿ ಪತ್ರಿಕೆಯವರ ಜೊತೆ ವ್ಯವಹರಿಸುವವಳು) ನೀನಾಗಿರಬೇಕು. ಆರನೇ ಹೆಸರಾಗಿ ಹತ್ತು ಲೇಖನ ಇದ್ದರೂ ಬಡ್ತಿಗೆ ಬರುವುದಿಲ್ಲ.

ಈಗ ನನ್ನ ಕಥೆ. ಹೆಸರು ಬೇಡ, ಒಂದು ಖಾಸಗಿ ಕಾಲೇಜಿನಲ್ಲಿ ಸೇರಿದ್ದೆ. ಸೇರುವ ದಿನವೇ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಪದವಿ ಪತ್ರ ಎಲ್ಲ ತೆಗೆದುಕೊಂಡರು. ಎಲ್ಲರೂ ಕೊಡುತ್ತಾರೆ ಅಂತ ನಾನೂ ಕೊಟ್ಟೆ. ಬಿಡುವಾಗ ಮೂರು ತಿಂಗಳ ಸಂಬಳ ಕಟ್ಟಿ ಅಂದರು. ಕಟ್ಟಿದೆ. ಮನೆಗೆ ಬಂದು ಲಕೋಟೆ ತೆಗೆದು ನೋಡಿದರೆ, ನೇಮಕಾತಿ ಆದೇಶದಲ್ಲಿ ‘ಸೀನಿಯರ್ ರೆಸಿಡೆಂಟ್’ ಅಂತ ಇದೆ, ಅನುಭವ ಪ್ರಮಾಣಪತ್ರದಲ್ಲಿ ಅದಕ್ಕಿಂತ ಕೆಳಗಿನ ಹುದ್ದೆ, ‘ಟ್ಯೂಟರ್’ ಅಂತ ಇದೆ. ಒಂದೇ ಪದ. ಅದನ್ನು ತಿದ್ದಿಸಲು ಮೂರು ಸಲ ರಾತ್ರಿ ಬಸ್ಸು ಹತ್ತಿದೆ, ಎಂಟು ತಿಂಗಳು ಹೋಯಿತು. ಅಷ್ಟರಲ್ಲಿ ಇಲ್ಲಿ ಒಂದು ಸಂದರ್ಶನ ಕೈತಪ್ಪಿತು. ಆ ವರ್ಷ ನಾನು ಎಷ್ಟು ಅತ್ತಿದ್ದೇನೆ ಅಂತ ನಮ್ಮಮ್ಮನಿಗೆ ಮಾತ್ರ ಗೊತ್ತು.

ಅದಕ್ಕೇ ಹೇಳುತ್ತೇನೆ. ಎಲ್ಲಿ ಸೇರಿದರೂ ಒರಿಜಿನಲ್ ನೋಡಲು ಕೊಡು, ಇಟ್ಟುಕೊಳ್ಳಲು ಕೊಡಬೇಡ. ಬಿಡುಗಡೆ ಆದೇಶ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದು. ಹುದ್ದೆ, ವಿಭಾಗ, ತಾರೀಖು. ಪೂರ್ವಾಹ್ನವೋ ಅಪರಾಹ್ನವೋ ಅನ್ನುವುದನ್ನೂ ನೋಡು. ಒಂದು ಕಡೆ ಶುಕ್ರವಾರ ಅಪರಾಹ್ನ ಬಿಟ್ಟು ಇನ್ನೊಂದು ಕಡೆ ಶನಿವಾರ ಪೂರ್ವಾಹ್ನ ಸೇರಿದರೆ ಸೇವೆ ಮುರಿಯುವುದಿಲ್ಲ.

ಇನ್ನೊಂದು ಮಾತು. ‘ಬರೀ ಹೆಸರು ಕೊಡಿ, ತಪಾಸಣೆ ದಿನ ಬಂದರೆ ಸಾಕು’ ಅಂತ, ಪಾಠ ಹೇಳುವವರೇ ಇಲ್ಲದ ಕಾಲೇಜಿನಿಂದ ಫೋನ್ ಬಂದರೆ ಆ ಕಡೆ ತಲೆ ಹಾಕಬೇಡ. ಈಗ ಹಾಜರಾತಿ ಆಧಾರ್ ಜೊತೆ ಮುಖ ತೋರಿಸಿ ಹಾಕಬೇಕು, ನೀನು ನಿಂತಿರುವ ಜಾಗವೂ ದಾಖಲಾಗುತ್ತದೆ. ಅದಕ್ಕಿಂತ ದೊಡ್ಡದು, ಅಂಥ ಕಡೆ ಓದಿದ ಹುಡುಗರು ನಾಳೆ ನಮ್ಮವರಿಗೇ ಔಷಧಿ ಬರೆಯುತ್ತಾರೆ.

ಬಳ್ಳಾರಿಯಿಂದ, ನಿವೃತ್ತ ಪೆಥಾಲಜಿ ಪ್ರಾಧ್ಯಾಪಕ

ನಮ್ಮ ಕಾಲೇಜು 1961ರದು. ಮೊದಲು ಸರ್ಕಾರಿ ಮೆಡಿಕಲ್ ಕಾಲೇಜು, ಆಮೇಲೆ ವಿಮ್ಸ್, ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ. ಆಟೋದವರಿಗೆ ಈಗಲೂ ವಿಮ್ಸ್ ಅಂದರೇ ಗೊತ್ತಾಗುವುದು.

ಕಾಗದದ ವಿಷಯ ಮೇಲಿನ ಮೇಡಂ ಸರಿಯಾಗಿ ಹೇಳಿದ್ದಾರೆ. ನಾನು ಕೆಲಸದ ಬಗ್ಗೆ ಹೇಳುತ್ತೇನಮ್ಮ. ಸಂದರ್ಶನಕ್ಕೆ ಒಂದು ದಿನ ಮುಂಚೆಯೇ ಹೋಗಿ, ವಿಭಾಗದ ಮುಖ್ಯಸ್ಥರ ಅನುಮತಿ ಕೇಳಿ, ಹಿಸ್ಟೋಪೆಥಾಲಜಿ ಕೋಣೆಯಲ್ಲಿ ಅರ್ಧ ಗಂಟೆ ನಿಲ್ಲಿ. ಅಂಗಾಂಶ ಕತ್ತರಿಸಿ ನೋಡುವ ಗ್ರಾಸಿಂಗ್ ಟೇಬಲ್ ಒದ್ದೆ ಇದೆಯಾ (ಅಂದರೆ ದಿನಾ ಕೆಲಸ ನಡೆಯುತ್ತಿದೆ) ಒಣಗಿದೆಯಾ ನೋಡಿ. ಫಾರ್ಮಲಿನ್ ಡಬ್ಬಿಗಳ ಮೇಲಿನ ಚೀಟಿಯಲ್ಲಿ ನಿನ್ನೆ ಮೊನ್ನೆಯ ತಾರೀಖು ಇದೆಯಾ ನೋಡಿ. ಎಫ್‌ಎನ್‌ಎಸಿಗೆ (ಗಂಟಿಗೆ ಸಣ್ಣ ಸೂಜಿ ಚುಚ್ಚಿ ಮಾಡುವ ಪರೀಕ್ಷೆ) ಹೊರಗೆ ಎಷ್ಟು ಜನ ಕೂತಿದ್ದಾರೆ ಎಣಿಸಿ. ನಮ್ಮ ಕಡೆ ಕುತ್ತಿಗೆ ಗಂಟು ಅಂತ ಬರುವ ಮಕ್ಕಳಲ್ಲಿ ಟಿ.ಬಿ. ನೋಡಿ ನೋಡಿ ಕಣ್ಣು ಪಳಗುತ್ತದೆ. ಅದನ್ನು ಪುಸ್ತಕ ಕಲಿಸುವುದಿಲ್ಲ.

ಇಬ್ಬರು ಒಟ್ಟಿಗೆ ನೋಡುವ ಮೈಕ್ರೋಸ್ಕೋಪ್ ಇದೆಯಾ ಅಂತಲೂ ಕೇಳಿ. ನನ್ನ ಗುರುಗಳು ಆ ಕಡೆ ಕೂತು ಸ್ಲೈಡನ್ನು ಮೆಲ್ಲಗೆ ಸರಿಸುತ್ತಾ, ಏನೂ ಹೇಳದೆ, ಒಂದು ಜಾಗದಲ್ಲಿ ಸುಮ್ನೆ ನಿಲ್ಲಿಸುತ್ತಿದ್ದರು. ನಾನು ಹೇಳುವ ತನಕ ಸರಿಸುತ್ತಿರಲಿಲ್ಲ. ನಾನು ಪಾಠ ಹೇಳಲು ಕಲಿತದ್ದು ಅಲ್ಲೇ. ಮೊದಲ ಒಂದೆರಡು ವರ್ಷ ಅಂಥವರ ಪಕ್ಕ ಕೂರುವ ಭಾಗ್ಯ ಸಿಕ್ಕರೆ ಸಂಬಳ ಸ್ವಲ್ಪ ಕಡಿಮೆಯಾದರೂ ಹೋಗಿ.

ಮಾನ್ವಿ ಕಡೆಯಿಂದ, ತಾಲ್ಲೂಕು ಆಸ್ಪತ್ರೆಯ ತಜ್ಞ ವೈದ್ಯ

ಮೂರನೇ ದಾರಿ ಬಗ್ಗೆ ನಾನು ಹೇಳಬಲ್ಲೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2025ರ ನಿಯಮದಲ್ಲಿ ಸರ್ಕಾರಿ ಆಸ್ಪತ್ರೆಯ ಅನುಭವಕ್ಕೂ ಬೆಲೆ ಬಂದಿದೆ. ಎರಡು ವರ್ಷ ಕೆಲಸ ಮಾಡಿದ ಸ್ನಾತಕೋತ್ತರ ವೈದ್ಯರು ಸೀನಿಯರ್ ರೆಸಿಡೆಂಟ್ ಆಗದೆಯೂ ಸಹಾಯಕ ಪ್ರಾಧ್ಯಾಪಕರಾಗಬಹುದು. ಆದರೆ ಆಸ್ಪತ್ರೆ ಕನಿಷ್ಠ 220 ಹಾಸಿಗೆಯದಾಗಿರಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಗಳು ಸಾಮಾನ್ಯವಾಗಿ 100 ಹಾಸಿಗೆಯವು. ಸೇವೆ ಮಾಡಬೇಕು ಅಂತ ಬಂದರೆ ಕೈಮುಗಿದು ಸ್ವಾಗತ, ಜನರಿಗೆ ನಿಮ್ಮ ಅಗತ್ಯ ತುಂಬಾ ಇದೆ. ಪ್ರೊಫೆಸರ್ ಆಗಬೇಕು ಅಂದರೆ ಈ ದಿನಗಳು ಲೆಕ್ಕಕ್ಕೆ ಬರುವುದಿಲ್ಲ.

ಕೊಪ್ಪಳದಿಂದ, ಸಮುದಾಯ ವೈದ್ಯಕೀಯ ವಿಭಾಗ

ಬಡ್ತಿಗೆ ಬೇಕಾದ ಎರಡು ಕೋರ್ಸ್ ಮರೀಬೇಡಿ. ಒಂದು ಬಯೋಮೆಡಿಕಲ್ ರಿಸರ್ಚ್ ಬೇಸಿಕ್ ಕೋರ್ಸ್. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯವರು ಆನ್‌ಲೈನ್‌ನಲ್ಲಿ ನಡೆಸುತ್ತಾರೆ, ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಬೇಕು. ಇನ್ನೊಂದು ವೈದ್ಯಕೀಯ ಶಿಕ್ಷಣ ತಂತ್ರಜ್ಞಾನದ್ದು, ಮೂರು ದಿನ. ಅದಕ್ಕೆ ಸೀಟು ಕಡಿಮೆ, ಹಿರಿಯರ ಹೆಸರು ಮೊದಲು ಹೋಗುತ್ತದೆ. ನಾನು ‘ಬಡ್ತಿ ಹತ್ತಿರ ಬಂದಾಗ ಮಾಡೋಣ’ ಅಂತ ಬಿಟ್ಟೆ. ನಾಲ್ಕು ವರ್ಷ ತುಂಬಿತು, ಲೇಖನ ಇತ್ತು, ಕೋರ್ಸ್ ಇರಲಿಲ್ಲ. ನನ್ನ ಜೊತೆ ಸೇರಿದವರು ಮುಂದೆ ಹೋದರು. ಸೇರಿದ ಮೊದಲ ವರ್ಷವೇ ಮುಗಿಸಿಕೊಳ್ಳಿ.

ಸಿಬ್ಬಂದಿ ಶಾಖೆಯಲ್ಲಿ 14 ವರ್ಷ ಫೈಲು ನೋಡಿದವನು

ಮೇಡಂ, ನಮ್ಮ ಶಾಖೆಗೆ ಬರುವ ಅರ್ಜಿಗಳಲ್ಲಿ ಜಾಸ್ತಿ ತೊಂದರೆ ಆಗುವುದು ಎರಡು ಕಡೆ.

ಒಂದು, ನೀವು ಹೊರ ರಾಜ್ಯದಲ್ಲಿ ಓದಿದ್ದೀರಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಎಂ.ಡಿ. ಪದವಿಯ ನೋಂದಣಿ ಆಗಿದೆಯಾ? ಆಗಿಲ್ಲ ಅಂದರೆ ಇವತ್ತೇ ಅರ್ಜಿ ಹಾಕಿ.

ಎರಡು, ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ. ಕಾಯಂ ಹುದ್ದೆ ಕರೆದಾಗ ಸ್ಥಳೀಯ ವೃಂದದಲ್ಲಿ ‘ಎ’ ಮತ್ತು ‘ಬಿ’ ಗುಂಪಿನ 75% ಹುದ್ದೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ. ಎಷ್ಟೋ ಜನ ನಮ್ಮವರೇ ಪ್ರಮಾಣಪತ್ರ ಇಲ್ಲದೆ ಬಂದು ಇದನ್ನು ಕಳೆದುಕೊಂಡಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಹೊರಗೆ ಓದಿದರೇನು, ನೀವು ಹುಟ್ಟಿದ್ದು ಸಿಂಧನೂರಲ್ಲೇ ಅಂದರೆ ಅರ್ಹತೆ ಇದೆ. ಉಪವಿಭಾಗಾಧಿಕಾರಿ ಕೊಡುತ್ತಾರೆ, ನಿಮಗೆ ಲಿಂಗಸುಗೂರು ಕಚೇರಿ. ಶಾಲೆಯ ದಾಖಲೆ, ಅಪ್ಪನ ರೇಷನ್ ಕಾರ್ಡ್ ಜೊತೆಗೆ ಇಟ್ಟುಕೊಳ್ಳಿ. ಅಧಿಸೂಚನೆ ಬಂದಮೇಲೆ ಓಡಿದರೆ ಕೊನೇ ದಿನದೊಳಗೆ ಕೈಗೆ ಸಿಗುವುದು ಕಷ್ಟ.

ಆಮೇಲೆ, ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಸ್ವಾಯತ್ತ ಸಂಸ್ಥೆಗಳು. ಒಂದೊಂದು ಸಂಸ್ಥೆ ತನ್ನ ಅಧಿಸೂಚನೆ ತಾನೇ ಹೊರಡಿಸುತ್ತದೆ. ಮೂರರ ವೆಬ್‌ಸೈಟನ್ನೂ ವಾರಕ್ಕೊಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಕೇಳಿದವರು

ಎಲ್ಲರಿಗೂ ತುಂಬು ಹೃದಯದ ಧನ್ಯವಾದ. ಅಪ್ಪನಿಗೆ ಎಲ್ಲವನ್ನೂ ಜೋರಾಗಿ ಓದಿ ಹೇಳಿದೆ. 220 ಹಾಸಿಗೆಯ ಮಾತು, ಅಕ್ಕನ ಆ ಎಂಟು ತಿಂಗಳ ಮಾತು ಕೇಳಿ ಸುಮ್ಮನಾದರು. ನಾಳೆ ಅವರೇ ಲಿಂಗಸುಗೂರಿಗೆ ಜೊತೆಗೆ ಬರುತ್ತಾರಂತೆ. ಪರಿಷತ್ತಿನ ನೋಂದಣಿ ಆಗಿಲ್ಲ, ಇವತ್ತು ರಾತ್ರಿ ಅರ್ಜಿ ಹಾಕುತ್ತೇನೆ. ಸಂದರ್ಶನ ಮುಂದಿನ ಗುರುವಾರ ರಾಯಚೂರಿನಲ್ಲಿ. ಸರ್ ಹೇಳಿದ ಹಾಗೆ ಬುಧವಾರವೇ ಬಂದು ಗ್ರಾಸಿಂಗ್ ಟೇಬಲ್ ನೋಡುತ್ತೇನೆ.

ರಾಯಚೂರಿನಿಂದ, ಮೈಕ್ರೋಬಯಾಲಜಿ ಸಹ ಪ್ರಾಧ್ಯಾಪಕಿ

ಬಾ ತಂಗೀ. ಬುಧವಾರ ಮಧ್ಯಾಹ್ನ ನಮ್ಮ ವಿಭಾಗಕ್ಕೆ ಬಂದುಬಿಡು, ಊಟದ ಡಬ್ಬಿ ಎರಡು ತರುತ್ತೇನೆ. ಫೈಲನ್ನೂ ತಾ, ಒಂದು ಸಲ ಇಬ್ಬರೂ ಕೂತು ಹಾಳೆ ಹಾಳೆ ನೋಡೋಣ.